ನಾಲ್ಕು ಬಗೆಯ ಕಪ್ಪು

ನೋಟಗುರುವಿನ ಹಿಡಿಕೆ ಹೊಳೆವ್ವನ ಬಲಗೈಯನ್ನು ಮೆಲ್ಲಗೆ ಎಡಕ್ಕೆ ಎಳೆಯಿತು. ಹೊಳೆವ್ವ ಅದನ್ನು ಬಲಕ್ಕೆ ಎಳೆದಳು. ಹಿಡಿಕೆ ಸೋಲಲಿಲ್ಲ, ಮತ್ತೆ ಎಡಕ್ಕೇ ವಾಲಿತು.

“ಯವ್ವಾ ಡಾಕ್ಟರವ್ವ, ಇದು ಮೊಂಡ ಎತ್ತಿನಂಗ ಒಂದ ಕಡೀ ಎಳೀತೈತಲ್ಲ! ಇದಕ್ಕ ಬಾರಕೋಲ ಎಲ್ಲೈತಿ?”

“ಎಳೆಯಲು ಬಿಡಿ ಹೊಳೆವ್ವನವರೇ. ಅದು ನಿಮಗೆ ಚೌಕಟ್ಟು ಹಾಕುವುದನ್ನು ಕಲಿಸುತ್ತಿದೆ,” ಎಂದಳು ಡಾ. ಚಿತ್ಕಲಾ. ನಗು ತಡೆದುಕೊಳ್ಳುವುದು ಅವಳಿಗೆ ಕಷ್ಟವಾಯಿತು.

ನೋಟಗುರು ಅಂಗೈಯಗಲದ ಕ್ಯಾಮೆರಾ. ಅದರ ಹಿಡಿಕೆಯೊಳಗೆ ಹುಣಸೆಬೀಜದಷ್ಟು ಗಾತ್ರದ ಮೂರು ಒಲವುಚಕ್ರಗಳು ಅತಿ ವೇಗವಾಗಿ ತಿರುಗುತ್ತಿದ್ದವು. ಎದುರಿನ ನೋಟವನ್ನು ಕ್ಯಾಮೆರಾ ಕ್ಷಣಕ್ಷಣವೂ ಅಳೆಯುತ್ತಿತ್ತು. ತಾನು ಅಭ್ಯಾಸ ಮಾಡಿದ್ದ ಇಪ್ಪತ್ತು ಲಕ್ಷ ಒಳ್ಳೆಯ ನಿಸರ್ಗಚಿತ್ರಗಳೊಡನೆ ಹೋಲಿಸುತ್ತಿತ್ತು. ಚಿತ್ರ ಎತ್ತ ಸರಿದರೆ ಚೆಂದವೋ ಅತ್ತ ಚಕ್ರಗಳನ್ನು ವಾಲಿಸುತ್ತಿತ್ತು. ಹಿಡಿದವರ ಕೈಗೆ ಅದು ಆಜ್ಞೆಯಂತೆ ಅಲ್ಲ, ಬಯಕೆಯಂತೆ ತಿಳಿಯಬೇಕೆಂಬುದು ಚಿತ್ಕಲಾಳ ಆಸೆ. ಬೆಳಕಿನ ಲೆಕ್ಕವನ್ನೂ ಅದೇ ಮಾಡಿಕೊಂಡು, ಕಿವಿಯಲ್ಲಿ ಕಾರಣ ಹೇಳುತ್ತಿತ್ತು. ಪ್ರತಿ ಚಿತ್ರಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು.

ಅದನ್ನು ರೂಪಿಸಿದ ಚಿತ್ಕಲಾಳ ಆರು ವರ್ಷದ ದುಡಿಮೆ ಈಗ ಒಂದು ವಾರದ ತಕ್ಕಡಿಯಲ್ಲಿತ್ತು. ಕಲಾ ಶಿಕ್ಷಣ ಮಂಡಳಿಯ ಷರತ್ತು ಸ್ಪಷ್ಟವಾಗಿತ್ತು. ಕ್ಯಾಮೆರಾ ಹಿಡಿದೇ ಗೊತ್ತಿಲ್ಲದ ಒಬ್ಬರನ್ನು ಚೀಟಿ ಎತ್ತಿ ಆರಿಸಲಾಗುವುದು. ಅವರು ಏಳು ದಿನ ನೋಟಗುರುವಿನಿಂದ ಕಲಿತು, ತಮ್ಮದೇ ಊರಿನ ಒಂದು ನಿಸರ್ಗಚಿತ್ರವನ್ನು ತಾವೇ ಆರಿಸಿ ಕೊಡಬೇಕು. ಹತ್ತಾರು ವರ್ಷ ಪಳಗಿದ ಒಂಬತ್ತು ಮಂದಿಯ ಚಿತ್ರಗಳ ನಡುವೆ ಹೆಸರಿಲ್ಲದೆ ಅದನ್ನು ಬೆರೆಸಿ ಮೂವರು ತೀರ್ಪುಗಾರರ ಮುಂದೆ ಇಡಲಾಗುವುದು. ಮೊದಲ ಐದರೊಳಗೆ ಬಂದರೆ ರಾಜ್ಯದ ಪ್ರೌಢಶಾಲೆಗಳಿಗೆಲ್ಲ ನೋಟಗುರು. ಬಾರದಿದ್ದರೆ ಯೋಜನೆ ಮುಚ್ಚಿದಂತೆ.

ಚೀಟಿಯಲ್ಲಿ ಬಂದವಳು ನವಲಗುಂದ ಸೀಮೆಯ ಹಿರೇಯರಗಟ್ಟಿಯ ಹೊಳೆವ್ವ, ಐವತ್ತೆಂಟು ವರ್ಷದ ಬೇಸಾಯಗಾರ್ತಿ. ಅವಳ ಊರನ್ನು ಕಂಡ ದಿನ ಚಿತ್ಕಲಾ ಚಿತ್ರಕ್ಕೊಂದು ವಸ್ತು ಹುಡುಕಿ ಸೋತಿದ್ದಳು. ಗುಡ್ಡವಿಲ್ಲ, ಹೊಳೆಯಿಲ್ಲ, ಬಂಡೆಯಿಲ್ಲ. ಕಣ್ಣು ಹಾಯುವವರೆಗೂ ಕಪ್ಪು ಎರೆಮಣ್ಣಿನ ಹೊಲ, ಅದರ ಮೇಲೆ ಆಕಾಶ.

“ನೀವು ಯಾಕೆ ಒಪ್ಪಿಕೊಂಡಿರಿ?” ಎಂದು ಅವಳು ಮೊದಲ ದಿನವೇ ಕೇಳಿದ್ದಳು.

“ನನ್ನ ಸೊಸಿ ಘಟ್ಟದ ಕಡಿಯಾಕಿ. ಆಕಿ ಮಂದಿ ಬಂದಾಗೆಲ್ಲ ಒಂದ ಮಾತು: ‘ನಿಮ್ಮೂರಾಗ ನೋಡಾಕ ಏನೂ ಇಲ್ಲಲ್ರಿ’ ಅಂತ. ಚಾ ಕುಡದು ಜಲಪಾತ ನೋಡಾಕ ಹೊಕ್ಕಾರ. ಏನೈತಿ ಅಂತ ಒಮ್ಮಿ ತೋರಿಸಬೇಕಲ್ಲವ್ವ?”

ಕಲಿಕೆ ಚುರುಕಾಗಿಯೇ ಸಾಗಿತು. ಮೊದಲ ದಿನದ ಚಿತ್ರಗಳಿಗೆ ಹನ್ನೆರಡು, ಹದಿನೈದು ಅಂಕ. ಭೂಮಿ ಆಕಾಶಗಳು ಸೇರುವ ಗೆರೆ ಚಿತ್ರದ ನಟ್ಟನಡುವೆ ಬಿದ್ದು ನೋಟವನ್ನು ಎರಡು ಹೋಳು ಮಾಡುತ್ತಿತ್ತು. ಹಿಡಿಕೆ ಅದನ್ನು ಮೇಲಿನ ಮೂರನೇ ಒಂದಕ್ಕೆ ಏರಿಸಿತು. ಎರಡನೆಯ ದಿನ ಹೊಳೆವ್ವ ನೆತ್ತಿಯ ಬಿಸಿಲನ್ನು ಬಿಟ್ಟು ಬೆಳಗಿನ ಓರೆಬಿಸಿಲಿಗೆ ಕಾಯಲು ಕಲಿತಳು. ಓರೆಬಿಸಿಲಿನಲ್ಲಿ ಪ್ರತಿ ಹೆಂಟೆಗೂ ಒಂದು ನೆರಳು ಹುಟ್ಟಿ ಮಣ್ಣಿಗೆ ಮೈ ಬರುತ್ತದೆ. ಮೂರನೆಯ ದಿನ ಹಿಡಿಕೆ ಅವಳನ್ನು ನೆಲಕ್ಕೆಳೆದು ಕೂರಿಸಿತು. ಅಲ್ಲಿಂದ ನೋಡಿದರೆ ಕುಂಟೆ ಹೊಡೆದ ಸಾಲುಗಳು ಕಣ್ಣನ್ನು ಕೈಹಿಡಿದು ದೂರಕ್ಕೆ ಕರೆದೊಯ್ಯುತ್ತಿದ್ದವು.

“ಇದನ್ನ ಮಾತ್ರ ನನಗ ಯಾರೂ ಹೇಳಿದ್ದಿಲ್ಲ ನೋಡು,” ಎಂದು ಹೊಳೆವ್ವ ಒಪ್ಪಿಕೊಂಡಳು. “ನಲವತ್ತ ವರ್ಷ ಇದ ಸಾಲಾಗ ಅಡ್ಡಾಡೇನಿ. ಕುಂತ ನೋಡಿದ್ದಿಲ್ಲ.”

“ಹಾಗಾದರೆ ಎತ್ತು ಪರವಾಗಿಲ್ಲ ಅನ್ನಿ.”

“ಎತ್ತು ಚಲೋನ ಐತಿ. ಹಟ ಒಂದ ಜಾಸ್ತಿ.”

ಅಂಕ ಎಪ್ಪತ್ತಕ್ಕೆ ಏರಿತು. ನಾಲ್ಕನೆಯ ದಿನ ಸಂಜೆ ಒಂದು ಒಳ್ಳೆಯ ಮಳೆ ಬಿತ್ತು. ಆರನೆಯ ದಿನ ಹೊಲದಂಚಿನ ಬನ್ನಿಮರವನ್ನು ಮುಂದಿಟ್ಟು ತೆಗೆದ ಚಿತ್ರಕ್ಕೆ ತೊಂಬತ್ತೊಂದು ಬಂದಾಗ ಚಿತ್ಕಲಾ ಚಪ್ಪಾಳೆ ತಟ್ಟಿದಳು. ಹೊಳೆವ್ವ ಮಾತ್ರ ಪರದೆಯನ್ನು ದಿಟ್ಟಿಸಿ ಮುಖ ಸಿಂಡರಿಸಿದಳು.

“ಇದು ಯಾರ ಹೊಲಾ?”

“ನಿಮ್ಮದೇ ಅಲ್ಲವೇ?”

“ನನ್ನ ಹೊಲಕ್ಕ ಬೂದಿ ಯಾರ ಬಳದಾರ?”

ಚಿತ್ಕಲಾ ತಾಳ್ಮೆಯಿಂದ ವಿವರಿಸಿದಳು. ಯಾವ ಕ್ಯಾಮೆರಾದ ಬೆಳಕುಮಾಪಕವೂ ಒಂದು ಊಹೆಯ ಮೇಲೆ ನಿಂತಿದೆ: ಎದುರಿನ ನೋಟದ ಕಪ್ಪು ಬಿಳುಪುಗಳನ್ನೆಲ್ಲ ಕಲಸಿದರೆ ಒಂದು ನಡುಬೂದು ಬಣ್ಣ ಬರುತ್ತದೆ ಎಂಬ ಊಹೆ. ನೋಟ ಅದಕ್ಕಿಂತ ಕಪ್ಪಾಗಿದ್ದರೆ ಬೆಳಕು ಸಾಲಲಿಲ್ಲವೆಂದು ಮಾಪಕ ಭಾವಿಸಿ, ಇನ್ನಷ್ಟು ಬೆಳಕು ಒಳಗೆ ಬಿಡುತ್ತದೆ. ನೋಟಗುರು ಒಂದು ಹೆಜ್ಜೆ ಮುಂದೆ ಹೋಗಿ, ಕತ್ತಲಾದ ಭಾಗಗಳನ್ನು ಬೇರೆಬೇರೆಯಾಗಿ ಎತ್ತಿ ಒಂದೇ ಮಟ್ಟಕ್ಕೆ ತರುತ್ತದೆ. ಹೊಸಬರ ಚಿತ್ರಗಳು ಕಪ್ಪಾಗಿ ಕೆಡಬಾರದೆಂದೇ ಆ ಏರ್ಪಾಟು.

“ಕಪ್ಪಗಿರೂದ ಕಪ್ಪಗ ಬಂದರ ಕೆಡೂದು ಹೆಂಗವ್ವ?” ಎಂದಳು ಹೊಳೆವ್ವ.

ಚಿತ್ಕಲಾಳ ಬಳಿ ಉತ್ತರ ಇತ್ತು. ಆದರೆ ಅದು ನಾಲ್ಕು ಪುಟದ ಉತ್ತರ.

ಏಳನೆಯ ದಿನ ಬೆಳಗಿನ ಏಳು ಗಂಟೆಗೆ ಹೊಳೆವ್ವ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತಳು. ಮೊದಲು ಬೆಳಕಿನ ಕೀಲಿಯನ್ನು ಕೈಯಾರೆ ತಿರುಗಿಸಿ ಎರಡು ಮಟ್ಟ ಇಳಿಸಿದಳು. ಸಮಗೊಳಿಸುವ ಏರ್ಪಾಟನ್ನು ನಿಲ್ಲಿಸಿದಳು. ‘ಬೆಳಕು ಕಡಿಮೆಯಾಯಿತು’ ಎಂದು ನೋಟಗುರು ಕಿವಿಯಲ್ಲಿ ಎಚ್ಚರಿಸಿತು. ಆಮೇಲೆ ಅವಳು ಭೂಮಿಯ ಗೆರೆಯನ್ನು ಚಿತ್ರದ ಮೇಲಂಚಿನವರೆಗೆ ಏರಿಸಿದಳು. ಆಕಾಶ ಒಂದು ದಾರದಷ್ಟು ಉಳಿಯಿತು. ‘ಮುನ್ನೆಲೆಯಲ್ಲಿ ಒಂದು ಮರ, ಬಂಡೆ ಅಥವಾ ವ್ಯಕ್ತಿ ಇರಲಿ’ ಎಂದಿತು ನೋಟಗುರು.

“ಎರಿ ಹೊಲದಾಗ ಬಂಡೆ ಎಲ್ಲಿಂದ ತರ್ಲೋ ತಮ್ಮಾ?” ಎಂದು ಅವಳು ಯಂತ್ರಕ್ಕೇ ಜವಾಬು ಕೊಟ್ಟು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಗುಂಡಿ ಒತ್ತಿದಳು.

ಅಂಕ: ಮೂವತ್ನಾಲ್ಕು.

“ಇದನ್ನ ಕೊಡತೀನಿ,” ಎಂದಳು ಹೊಳೆವ್ವ.

ಚಿತ್ಕಲಾ ಹಿಂದಿನ ದಿನದ ಚಿತ್ರವನ್ನು ಪರದೆಗೆ ತಂದು ತೋರಿಸಿದಳು. “ಬನ್ನಿಮರದ ಚಿತ್ರಕ್ಕೆ ತೊಂಬತ್ತೊಂದು ಬಂದಿದೆ. ದಯವಿಟ್ಟು ಅದನ್ನು ಕೊಡಿ. ನನ್ನ ಆರು ವರ್ಷದ ಕೆಲಸ ಇದು, ಹೊಳೆವ್ವ.” ‘ನವರೇ’ ಎಂಬುದು ಬಿಟ್ಟುಹೋದದ್ದು ಅವಳಿಗೇ ತಿಳಿಯಲಿಲ್ಲ.

ಹೊಳೆವ್ವ ಕ್ಯಾಮೆರಾವನ್ನು ಮಡಿಲಲ್ಲಿ ಇಟ್ಟುಕೊಂಡಳು. “ನೀ ಭಾಳ ಕಷ್ಟ ಪಟ್ಟೀಯವ್ವ, ನನಗ ತಿಳಿತೈತಿ. ಆದರ ಆ ಗಿಡದ ಫೋಟೋ ನಿನ್ನ ಮಿಷನ್ನ ತಗದದ್ದು. ನೀ ಕಲಿಸಾಕ ಬಂದಾಕಿ, ಹೌದಿಲ್ಲ? ನಾ ಕಲತದ್ದು ಇದು. ಬೇಕಾದರ ಬ್ಯಾರೇದಾಕಿನ್ನ ಹುಡಿಕ್ಕೋ.”

ಆರಿಸುವ ಹಕ್ಕು ಕಲಿತವರದು, ಷರತ್ತಿನಲ್ಲೇ ಹಾಗಿತ್ತು. ಚಿತ್ಕಲಾ ಮೂವತ್ನಾಲ್ಕು ಅಂಕದ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ, ಲಕೋಟೆಯಲ್ಲಿಟ್ಟು ಮುಚ್ಚಿದಳು. ಆ ಸಂಜೆ ಅವಳು ಪ್ರಯೋಗಾಲಯಕ್ಕೆ ಫೋನ್ ಮಾಡಿ, ಉಪಕರಣಗಳ ಪಟ್ಟಿ ಸಿದ್ಧಪಡಿಸಲು ಹೇಳಿದಳು. ಸಾಮಾನು ಕಟ್ಟಲು ಅದು ಬೇಕಾಗುತ್ತಿತ್ತು.

ಧಾರವಾಡದ ಸಭಾಂಗಣದಲ್ಲಿ ಹತ್ತು ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂಬತ್ತರಲ್ಲಿ ಮಂಜು ಮುಸುಕಿದ ಕಣಿವೆ, ಹೊನ್ನಿನ ಕಡಲು, ಒಂಟಿಮರ, ಬಂಡೆಗೆ ಬಡಿವ ಅಲೆ. ಎಲ್ಲವೂ ಸುಂದರ, ಎಲ್ಲದರ ಗೆರೆಯೂ ಮೂರನೇ ಒಂದರಲ್ಲಿ. ಹತ್ತನೆಯದರಲ್ಲಿ ಬರೀ ನೆಲ. ಮೊದಲ ಇಬ್ಬರು ತೀರ್ಪುಗಾರರು ಅದರ ಮುಂದೆ ತುಸು ನಿಂತು, ಮುಂದೆ ನಡೆದು, ಏನೋ ಮರೆತವರಂತೆ ಹಿಂದಿರುಗಿ ಮತ್ತೆ ನಿಂತರು. ಮೂರನೆಯವರು ಇಮಾಮಸಾಬ ನದಾಫ, ನಿಸರ್ಗಚಿತ್ರಗಳಲ್ಲೇ ತಲೆ ನರೆಸಿಕೊಂಡ ಹಿರಿಯರು. ಅವರು ಅದರ ಮುಂದಿನಿಂದ ಕದಲಲೇ ಇಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮೂಗು ಹಾಳೆಗೆ ತಾಗುವಷ್ಟು ಬಾಗಿದರು.

ಫಲಿತಾಂಶವನ್ನು ಮಂಡಳಿಯ ಅಧ್ಯಕ್ಷೆ ಓದಿದರು. ಮೊದಲ ಸ್ಥಾನ, ಹತ್ತನೆಯ ಚಿತ್ರ. ಮೂವರ ಒಮ್ಮತ.

ಚಿತ್ಕಲಾ ಕೇಳಿದ್ದನ್ನು ನಂಬದೆ ಕೂತೇ ಇದ್ದಳು. ಹೊಳೆವ್ವ ಮೊಣಕೈಯಿಂದ ತಿವಿದಳು. “ಏಳವ್ವಾ, ನಮ್ಮದ!”

ಅಷ್ಟರಲ್ಲಿ ನದಾಫರು ಇವರತ್ತಲೇ ಬಂದರು. “ಯಾರವ್ವ ಇದನ್ನ ತಗದಾಕಿ?”

“ನಾನ್ರೀ.”

“ಇದನ್ನ ತಗಿಯೂಕಿಂತ ಮೂರ ದಿನ ಮೊದಲ ಮಳಿ ಆಗಿತ್ತು. ಹೌದಲ್ಲೋ?”

“ಹೌದ್ರೀ! ಮೂರ ದಿನಕ್ಕ ಸರಿಯಾಗಿ.”

“ಮುಂದಿನ ಸಾಲು ಹದಕ್ಕ ಬಂದಾವು. ಎಡಗಡೀ ತಗ್ಗಿನ್ಯಾಗ ಇನ್ನೂ ಹಸಿ ಐತಿ, ಅಲ್ಲೆ ಎರಡ ದಿನ ತಡಿಬೇಕು. ದೂರದಾಗ ಆ ದಿಬ್ಬ ಆಗಲೇ ಆರೇತಿ. ಆಮ್ಯಾಲ ಬದುವಿನ ನೆಳ್ಳಾಗ ಒಂದಿಷ್ಟು—”

“ಅಲ್ಲೆ ನಿನ್ನೆ ಬಿತ್ತಿ ಬಂದೇನ್ರೀ ಕಾಕಾ,” ಎಂದು ಹೊಳೆವ್ವ ಗಟ್ಟಿಯಾಗಿ ನಕ್ಕಳು. ರೋಣದ ಎರೆಯಲ್ಲಿ ಹುಟ್ಟಿ ಬೆಳೆದ ನದಾಫರೂ ನಕ್ಕರು.

ಚಿತ್ಕಲಾ ಇಬ್ಬರನ್ನೂ ಚಿತ್ರದ ಬಳಿಗೆ ಎಳೆದೊಯ್ದಳು. “ನನಗೂ ತೋರಿಸಿ. ಎಲ್ಲಿ ಕಾಣುತ್ತಿದೆ?”

ಹೊಳೆವ್ವ ಬೆರಳಿಟ್ಟು ತೋರಿಸಿದಳು. ಮಳೆಯಾದ ಎರೆ ಮಿಂಚುತ್ತಿದ್ದರೆ ಹಸಿ. ಬಿತ್ತಿದರೆ ಬೀಜ ಕೊಳೆಯುತ್ತದೆ. ಮಿಂಚು ಹೋಗಿ ಕಪ್ಪು ಉಳಿದರೆ ಹದ, ಬಿತ್ತಬಹುದು. ಕಪ್ಪಿನಲ್ಲಿ ಬೂದು ಇಣುಕಿದರೆ ಹದ ಮೀರುತ್ತಿದೆ, ಅವಸರ ಮಾಡಬೇಕು. ಪೂರ್ತಿ ಬೂದಾದರೆ ಆರಿತು. ಹಿಂಗಾರಿ ಜೋಳಕ್ಕೆ ಆ ವರ್ಷ ಆ ತುಂಡು ಇಲ್ಲ. ಒಂದೇ ಹೊಲದಲ್ಲಿ ನಾಲ್ಕು ಬಗೆಯ ಕಪ್ಪು. ನೋಟಗುರು ಅವನ್ನೆಲ್ಲ ಎತ್ತಿ, ಸಮಮಾಡಿ, ಒಂದೇ ಬೂದು ಮಾಡಿತ್ತು. ಯಂತ್ರದ ಕಣ್ಣಿನಲ್ಲಿ ಹೊಳೆವ್ವನ ಹೊಲ ಪ್ರತಿದಿನವೂ ಒಣಗಿ ಹೋಗುತ್ತಿತ್ತು.

ಅದೇ ವಾರ ಚಿತ್ಕಲಾ ತನ್ನ ಇಪ್ಪತ್ತು ಲಕ್ಷ ಮಾದರಿಚಿತ್ರಗಳನ್ನು ಜಾಲಾಡಿದಳು. ಹಿಮದ ಬಯಲಿನ ಚಿತ್ರಗಳು ಮೂವತ್ತೊಂದು ಸಾವಿರ. ಅದಕ್ಕೇ ಬಿಳಿಯನ್ನು ಬಿಳಿಯಾಗಿ ಬಿಡಲು ನೋಟಗುರು ಕಲಿತಿತ್ತು. ಎರೆ ಹೊಲದ ಚಿತ್ರ ಒಂದೂ ಇರಲಿಲ್ಲ. ನೋಡಲು ಏನೂ ಇಲ್ಲವೆಂದು ಯಾರೂ ತೆಗೆದಿರಲಿಲ್ಲ.

ತಿದ್ದುಪಡಿಗೆ ಎರಡು ತಿಂಗಳು ಹಿಡಿಯಿತು. ಹೊಸ ನೋಟಗುರು ಅಳೆಯುವ ಮೊದಲು ಕೇಳುತ್ತದೆ: ‘ಇಲ್ಲಿ ಯಾವುದು ಇದ್ದ ಹಾಗೆಯೇ ಬರಬೇಕು?’ ಕಲಿಯುವವರು ಬೆರಳಿಟ್ಟ ಭಾಗದ ಬಣ್ಣವನ್ನು ಅದು ಮುಟ್ಟುವುದಿಲ್ಲ. ಉಳಿದ ಬೆಳಕನ್ನು ಅದಕ್ಕೆ ಹೊಂದಿಸುತ್ತದೆ. ಹಿಡಿಕೆಯ ಎಳೆತಕ್ಕೂ ಒಂದು ಮಿತಿ ಬಂತು. ಮೂರು ಸಲ ಎದುರಿಸಿದರೆ ಅದು ಸೋತು, ಹಿಡಿದವರ ಹಿಂದೆಯೇ ಬರುತ್ತದೆ.

ಮಂಡಳಿ ಮಾತು ಉಳಿಸಿಕೊಂಡಿತು. ಮುಂದಿನ ಸೆಪ್ಟೆಂಬರ್ ವೇಳೆಗೆ, ಮೊದಲ ಕಂತಿನಲ್ಲಿ, ಎರೆ ಸೀಮೆಯ ಪ್ರೌಢಶಾಲೆಗಳ ಆರು ಸಾವಿರ ಮಕ್ಕಳ ಕೈಗೆ ನೋಟಗುರು ಬಂದಿತ್ತು. ಕಲಾ ವಿಷಯದ ಮೊದಲ ಪಾಠ, ‘ನಮ್ಮೂರ ನೋಟ’. ಮಕ್ಕಳು ಬೆಳಗಿನ ಬಿಸಿಲಿಗೆ ಕಾದು, ಸಾಲುಗಳ ನಡುವೆ ಕೂತು, ತಂತಮ್ಮ ಹೊಲ ತೆಗೆದರು. ಚಿತ್ರಗಳನ್ನು ಶಾಲೆಯ ಗೋಡೆಗೆ ಅಂಟಿಸಲಾಯಿತು. ಚಿತ್ಕಲಾ ಊಹಿಸಿದ್ದು ಅಲ್ಲಿಯವರೆಗೆ ಮಾತ್ರ.

ಮಕ್ಕಳ ಚಿತ್ರ ನೋಡಲು ಬಂದ ತಾಯಿತಂದೆಯರು ಗೋಡೆಯ ಮುಂದೆ ಹದ ಓದತೊಡಗಿದರು. ಆ ಕಾಲಕ್ಕೆ ಬಿತ್ತನೆಯ ದಿನವನ್ನು ಹೇಳುತ್ತಿದ್ದದ್ದು ಉಪಗ್ರಹ. ಅದರ ಸಂದೇಶ ಬಂದ ಮೇಲೆಯೇ ಯಂತ್ರಕೂರಿಗೆಗಳು ಶೆಡ್ಡಿನಿಂದ ಹೊರಬೀಳುತ್ತಿದ್ದವು. ಹೊಲಕ್ಕೆ ಹೋಗಿ ಮಣ್ಣು ನೋಡುವ ರೂಢಿ ಹಳಬರೊಂದಿಗೆ ಮುಗಿಯುತ್ತಾ ಬಂದಿತ್ತು. ಈಗ ಗೋಡೆಯ ಮೇಲೆ ಹಳ್ಳಿಯ ಪ್ರತಿ ತುಂಡು ಹೊಲವೂ ತನ್ನ ನಿಜವಾದ ಕಪ್ಪಿನಲ್ಲಿ ನಿಂತಿತ್ತು. ಹದ ಓದಲು ಬಾರದವರಿಗೆ ಹೊಳೆವ್ವ ಶಾಲೆಯಿಂದ ಶಾಲೆಗೆ ಅಡ್ಡಾಡಿ ಕಲಿಸಿದಳು. ಶಿಕ್ಷಕರು ಅವಳನ್ನು ‘ಮೇಡಂ’ ಎಂದರೆ ಗದರುತ್ತಿದ್ದಳು.

ಹಿಂಗಾರಿ ಮಳೆ ಬಂದ ನಾಲ್ಕನೆಯ ದಿನ ಮೂವತ್ತೆಂಟು ಹಳ್ಳಿಗಳ ಕೂರಿಗೆಗಳು, ಗೋಡೆಯ ಹೊಸ ಚಿತ್ರಗಳ ಆಧಾರದ ಮೇಲೆಯೇ, ಯಾವ ಸಂದೇಶಕ್ಕೂ ಕಾಯದೆ, ಒಂದೇ ಬೆಳಗ್ಗೆ ಹೊಲಕ್ಕಿಳಿದವು. ಚಿತ್ಕಲಾ ಗಾಬರಿಯಾಗಿ ಬೆಂಗಳೂರಿನಿಂದ ಓಡಿ ಬಂದಳು. ಚಿತ್ರ ತೆಗೆಯಲು ಕಲಿಸುವ ತನ್ನ ಯಂತ್ರವನ್ನು ನಂಬಿ ಇಷ್ಟು ಜನ ಬಿತ್ತಿದ್ದಾರೆ, ಹುಟ್ಟದಿದ್ದರೆ? ಹಿರೇಯರಗಟ್ಟಿಯಲ್ಲಿ ಇಳಿದವಳು ನೇರ ಹೊಲಕ್ಕೇ ನಡೆದಳು.

ಬಿತ್ತಿ ಅಂದಿಗೆ ಆರು ದಿನ. ಓರೆಬಿಸಿಲಿನಲ್ಲಿ, ಕಪ್ಪು ಸಾಲುಗಳ ಉದ್ದಕ್ಕೂ, ಕಣ್ಣಿಗೆ ಕಂಡಷ್ಟು ದೂರ, ಜೋಳದ ಮೊಳಕೆಗಳು ಎರಡು ಬೆರಳು ಎದ್ದು ನಿಂತಿದ್ದವು. ಒಂದು ಸಾಲೂ ತಪ್ಪಿರಲಿಲ್ಲ. ರಸ್ತೆಯಂಚಿನಲ್ಲಿ ನಾಲ್ಕು ಕಾರುಗಳು ನಿಂತಿದ್ದವು. ಘಟ್ಟದ ಕಡೆಯ ಬೀಗರು ಚಾ ಲೋಟ ಕೈಯಲ್ಲಿ ಹಿಡಿದು ಹೊಲ ನೋಡುತ್ತಾ ನಿಂತಿದ್ದರು.

ಹೊಳೆವ್ವನ ಸೆರಗಿನ ಗಂಟಿನಲ್ಲಿದ್ದ ಫೋನ್ ಟಿಣ್ ಎಂದಿತು. ಅವಳು ತೆಗೆದು, ಕಣ್ಣು ಕಿರಿದು ಮಾಡಿ, ಚಿತ್ಕಲಾಳ ಕೈಗೆ ಕೊಟ್ಟಳು. “ಏನ ಅಂತೈತಿ ಓದವ್ವ.”

ಉಪಗ್ರಹ ಕೇಂದ್ರದ ಸಂದೇಶ. ಮೋಡ ಸರಿದ ಮೇಲೆ ಅದಕ್ಕೆ ಭೂಮಿ ಕಂಡಿತ್ತು. ಚಿತ್ಕಲಾ ಗಟ್ಟಿಯಾಗಿ ಓದಿದಳು: “ನಿಮ್ಮ ಜಮೀನು ಹದಕ್ಕೆ ಬಂದಿದೆ. ಇಂದಿನಿಂದ ಬಿತ್ತಬಹುದು.”

ಹೊಳೆವ್ವ ತಲೆಯೆತ್ತಿ ಆಕಾಶ ನೋಡಿದಳು. ಅವಳ ಮುಖದಲ್ಲಿ ಗೆಲುವಿಗಿಂತ ಹೆಚ್ಚಾಗಿ ಮರುಕವಿತ್ತು.

“ಪಾಪ,” ಎಂದಳು, “ಭಾಳ ದೂರದಿಂದ ನೋಡತೈತಿ.”