ಒಂದು ತಿಮರೆ ಚಟ್ನಿ

ನಲವತ್ತೇಳನೇ ವಯಸ್ಸಿಗೇ ಮೋನಪ್ಪನಿಗೆ ನೆನಪು ಕೈಕೊಡತೊಡಗಿತ್ತು. ಕುರ್ಲಾ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಅವನು ಸಪ್ಲಾಯರ್. ಆರ್ಡರ್ ಬರೆದುಕೊಳ್ಳುವ ರೂಢಿ ಅಲ್ಲಿಲ್ಲ. ಎಂಟು ಜನ ಹೇಳಿದ್ದನ್ನು ಕೇಳಿಕೊಂಡು ಅಡುಗೆಮನೆಗೆ ಒಂದೇ ಉಸಿರಿಗೆ ಕೂಗಬೇಕು. ದೋಸೆ ಕೇಳಿದವನ ಮುಂದೆ ಉಪ್ಪಿಟ್ಟು ಇಟ್ಟು ಅವನು ಬೈಸಿಕೊಂಡ ದಿನ, ಹಿಂಬಾಗಿಲಲ್ಲಿ ಕೂತು ಹೋಟೆಲಿನ ಉದ್ದು ಆರಿಸುತ್ತಿದ್ದ ವಾರಿಜಾ ತಲೆಯೆತ್ತಿ ನೋಡಿದ್ದಳು. ಹೋಟೆಲಿನ ಹಿಂದಿನ ವಠಾರದವಳು, ಅಲ್ಲಿನವರ ಬಾಯಲ್ಲಿ ಅದು ಚಾಳು; ಗಂಡ ತೀರಿಕೊಂಡು ಒಂಬತ್ತು ವರ್ಷ.

ಮರುದಿನದಿಂದ ಬೆಳಿಗ್ಗೆ ಒಂದು ಬಟ್ಟಲು ಬರತೊಡಗಿತು. ಚಾಳಿನ ನಲ್ಲಿಯ ಪಕ್ಕ ಡಬ್ಬದಲ್ಲಿ ಬೆಳೆಸಿದ ಒಂದೆಲಗ. ಅವರಿಬ್ಬರ ಊರಿನ ಬಾಯಲ್ಲಿ ತಿಮರೆ. ಕಾಯಿ, ಹಸಿಮೆಣಸು ಹಾಕಿ ಅರೆದ ಚಟ್ನಿ.

“ತಿನ್ನಿ ಮೋನಪ್ಪಣ್ಣ. ಮಂಡೆಗೆ ಒಳ್ಳೇದು.”

“ನನ್ನ ಮಂಡೆ ರಿಪೇರಿ ಆಗುದು ಕಷ್ಟ ಉಂಟು ಮಾರಾಯ್ರೆ.”

“ಹಾಗಾದ್ರೆ ಹೇಳಿ, ನಿನ್ನೆ ನಾನು ಯಾವ ಸೀರೆ ಉಟ್ಟಿದ್ದೆ?”

“ನೀಲಿ. ಅಂಚು ಸ್ವಲ್ಪ ಹರಿದಿತ್ತು.”

ವಾರಿಜಾ ಸೆರಗು ಎಳೆದುಕೊಂಡು ಮೊರದ ಕಡೆ ಬಗ್ಗಿದಳು. ಕಿವಿ ಕೆಂಪಾಗಿತ್ತು. ಮೋನಪ್ಪ ಇಪ್ಪತ್ತಾರು ವರ್ಷದಿಂದ ಹೋಟೆಲಿನ ಬೆಂಚಿನ ಮೇಲೆಯೇ ಮಲಗುವವನು. ತಿಂದನೋ ಬಿಟ್ಟನೋ ಎಂದು ಅವನನ್ನು ಕೇಳುವವರೇ ಇರಲಿಲ್ಲ.

ಎರಡು ತಿಂಗಳಲ್ಲಿ ತಪ್ಪುಗಳು ಕಡಿಮೆಯಾದವು. ಧಣಿಗೆ ಮಾತ್ರ ನಂಬಿಕೆ ಬರಲಿಲ್ಲ. “ಈ ಆದಿತ್ಯವಾರದ ರಶ್ಶಿನಲ್ಲಿ ಒಂದು ತಪ್ಪಾದ್ರೂ ಲೋಟ ತೊಳೀಲಿಕ್ಕೆ ಹೋಗು” ಎಂದುಬಿಟ್ಟರು.

ಶನಿವಾರ ವಾರಿಜಾ ನಕ್ಕಳು. “ನಾಳೆ ನೀವು ಪಾಸ್. ಇನ್ನು ಚಟ್ನಿ ಯಾಕೆ? ನಾಡಿದ್ದಿಂದ ಉದ್ದನ್ನೂ ಮನೆಯಲ್ಲೇ ಆರಿಸ್ತೇನೆ. ಚಾಳಿನವರು ಮಾತಾಡ್ತಾರೆ.”

ಅಯ್ಯೋ ದೇವರೇ! ಮರೆತರೆ ಕೆಲಸ ಹೋಗುತ್ತದೆ, ನೆನಪಿದ್ದರೆ ಈಕೆ ಹೋಗುತ್ತಾಳೆ. ಮೋನಪ್ಪ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಆದಿತ್ಯವಾರ ಮಿಲ್ಲಿನ ಎಂಟು ಮಂದಿ ಬಂದು ಕುಳಿತರು. ಧಣಿ ಗಲ್ಲಾದಿಂದಲೇ ಕಿವಿಗೊಟ್ಟರು. ಮೋನಪ್ಪ ಉಸಿರೆಳೆದುಕೊಂಡು ಕೂಗಿದ: “ಮೂರು ಮಸಾಲೆ, ಎರಡು ಇಡ್ಲಿ-ವಡೆ, ಒಂದು ಉಪ್ಪಿಟ್ಟು, ಎರಡು ಶೀರಾ, ಎಂಟು ಚಾ, ಒಂದು ತಿಮರೆ ಚಟ್ನಿ!”

ಅಡುಗೆಯವನು ಇಣುಕಿದ. “ಎಂತದು? ಅದು ನಮ್ಮಲ್ಲಿ ಎಲ್ಲುಂಟು?”

ಹೋಟೆಲಿಗೆ ಹೋಟೆಲೇ ನಕ್ಕಿತು. ಹಿಂಬಾಗಿಲಲ್ಲಿ ಮೊರದ ಸದ್ದು ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಮೋನಪ್ಪ ಹಿಂದಿನ ತೊಟ್ಟಿಯಲ್ಲಿ ಲೋಟ ತೊಳೆಯುತ್ತಿದ್ದ.

“ಬೇಕೂಂತ ಹೇಳಿದ್ರಾ?” ವಾರಿಜಾ ಮೆಲ್ಲಗೆ ಕೇಳಿದಳು.

“ಇಲ್ಲ, ದೇವರಾಣೆ. ಎಲ್ಲ ನೆನಪಿತ್ತು. ನಾಳೆ ನೀವು ಬರುದಿಲ್ಲ ಅನ್ನುದೂ ನೆನಪಿತ್ತು. ಅದೇ ಬಾಯಿಗೆ ಬಂತು.”

ಅವಳು ಮೊರ ಎತ್ತಿಕೊಂಡು ಹೊರಟುಹೋದಳು. ಸಪ್ಲಾಯರ್ ಕೆಲಸವೂ ಹೋಯಿತು, ಮಾತಾಡಿಸುವ ಒಂದು ಜೀವವೂ ಹೋಯಿತು ಎಂದುಕೊಂಡ ಮೋನಪ್ಪ, ತೊಳೆದ ಲೋಟವನ್ನೇ ಮತ್ತೆ ತೊಳೆದ.

ಮರುದಿನ ಬೆಳಿಗ್ಗೆ ತೊಟ್ಟಿಯ ಪಕ್ಕ ಎರಡು ಬಟ್ಟಲು ಇದ್ದವು.

“ಎರಡು ಯಾಕೆ ವಾರಿಜಕ್ಕ?”

“ನನಗೂ ಮರೆವಿನ ವಯಸ್ಸೇ. ಒಬ್ಬರ ಎದುರು ಕೂತು ತಿನ್ನುದು ಹೇಗೆ ಅಂತಲೇ ಮರೆತುಹೋಗಿದೆ.”

“ಚಾಳಿನವರು?”

“ಮಾತಾಡ್ಲಿ.” ಅವಳು ಮಣೆ ಎಳೆದುಕೊಂಡು ಎದುರಿಗೇ ಕುಳಿತಳು. “ತಿನ್ನಿ, ಮೋನಪ್ಪ.”

ಅಣ್ಣ ಎನ್ನುವುದನ್ನು ಅವಳು ಮರೆತಿದ್ದಳು. ಅವನು ನೆನಪಿಸಲಿಲ್ಲ.