ಅಂಗೈ ಮೇಲೆ ತಟ್ಟಿದ ಮಾತು

ಗಾಲಿಕುರ್ಚಿ ಒಳಗೆ ಬಂದಾಗ ಓರ್ನೆಲ್ಲಾಳ ಎದೆ ಧಸಕ್ಕೆಂದಿತು.

ನೆವಿಯೊ…

ಫೆರಾರಾ ಊರಿನ ಆ ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ಅವಳ ಕೆಲಸ. ಈ ವಿದ್ಯೆ ಕಲಿಯಲು ಪಾದೊವಾಕ್ಕೆ ಹೊರಟ ದಿನ, ರೈಲಿನ ಬಾಗಿಲಲ್ಲಿ ನಿಂತು ಇವನನ್ನೇ ಕೇಳಿದ್ದಳು, "ನನಗೋಸ್ಕರ ಕಾಯ್ತೀಯಾ?"

ಅವನು ತುಟಿ ಬಿಚ್ಚಲಿಲ್ಲ. ಸರಿ, ನಾನು ಬೇಡವಾದೆ ಎಂದುಕೊಂಡು ಅವಳು ಮತ್ತೆ ತಿರುಗಿ ನೋಡಲಿಲ್ಲ. ಹಾಳು ಸ್ವಾಭಿಮಾನ, ಇನ್ನೇನು.

ಎಷ್ಟೋ ವರ್ಷಗಳ ಮೇಲೆ, ಈಗ ಪಾರ್ಶ್ವವಾಯು ಅವನ ಬಲಗೈಯನ್ನೂ ಮಾತನ್ನೂ ಕಿತ್ತುಕೊಂಡಿತ್ತು.

"ಶುರು ಮಾಡೋಣ್ವಾ? ನೀವು ನನ್ನ ಹಾಗೇ ಮೇಜು ತಟ್ಟಬೇಕು," ಎಂದಳು, ಬೇಕೆಂದೇ ಬಹುವಚನ ಹಚ್ಚಿ.

ಪದ ಬರೆದ ಕಾರ್ಡುಗಳನ್ನು ಒಂದೊಂದಾಗಿ ಅವನ ಮುಂದಿಟ್ಟಳು. ಒಂದನೇ ಕ್ಲಾಸಿನ ಮಕ್ಕಳಂತೆ, ಪದದ ಒಂದೊಂದು ತುಂಡಿಗೂ ಒಂದೊಂದು ತಟ್ಟು. 'ಪಾರ್-ಲೊ', ಮಾತಾಡುತ್ತೇನೆ. 'ಮಾನ್-ಜೊ', ತಿನ್ನುತ್ತೇನೆ. ತೊದಲುತ್ತಲೇ ಹೇಳುತ್ತಿದ್ದ. 'ಅಸ್ಪೆತ್ತೊ', ಕಾಯುತ್ತೇನೆ, ಎಂಬ ಕಾರ್ಡು ಬಂದಾಗ ಮಾತ್ರ "ಅಸ್…" ಎಂದು ನಿಂತು ಮುಖ ತಿರುಗಿಸುತ್ತಿದ್ದ. ದಿನವೂ ಅದೇ ಕಥೆ.

ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ… ಅವಳು ಆ ಕಾರ್ಡನ್ನು ಮಗುಚಿಡುತ್ತಿದ್ದಳು.

ಕೊನೆಗೆ ವೈದ್ಯರು ಕೈಚೆಲ್ಲಿದರು. ಆರೈಕೆಗೆಂದು ಬಂದಿದ್ದ ಅಕ್ಕ ಇನೆಸ್ ಅವನನ್ನು ದೂರದ ತೊರಿನೊದ ತನ್ನ ಮನೆಗೆ ಕರೆದೊಯ್ಯಲು ಹೊರಟಳು.

"ಆ ಒಂದು ಪದ ನಿಮ್ಮ ತಮ್ಮನಿಗೆ ಇಷ್ಟವಿಲ್ಲ," ಎಂದಳು ಓರ್ನೆಲ್ಲಾ, ಅಳು ನುಂಗಿಕೊಂಡು.

"ಇಷ್ಟವಿಲ್ವಾ? ಮನೇಲಿ ಅಭ್ಯಾಸಕ್ಕೆ ಅಂತ ನೀನು ಕೊಟ್ಟ ಕಾರ್ಡುಗಳಲ್ಲಿ ಅದನ್ನೇ ನನ್ನ ಮುಂದೆ ತಳ್ತಾ ಇರ್ತಾನೆ. ನಾನೂ ಊಟದ ಮೇಜು ತಟ್ಟಿ ತಟ್ಟಿ ಹೇಳಿಕೊಡ್ತೀನಿ, 'ಅಸ್-ಪೆತ್-ತೊ'. ಅವತ್ತು ಸ್ಟೇಷನ್ನಲ್ಲಿ ಇದೇ ಮಾತು ಬಾಯಿಗೆ ಬರ್ಲಿಲ್ಲ ಅಂತ ಎಷ್ಟು ಕೊರಗಿದಾನೆ ಗೊತ್ತಾ ನಿನಗೆ? ಮದುವೇನೂ ಆಗ್ಲಿಲ್ಲ, ಪೆದ್ದ."

ಓರ್ನೆಲ್ಲಾಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಅಲ್ಲಿ ತುಂಡು ಮಾಡಬಾರದು ಇನೆಸ್… 'ಅ' ಅಂತ ಬಿಟ್ಟು, ಸಕಾರಾನ ಮುಂದಿನ ತುಂಡಿಗೆ ಸೇರಿಸ್ಬೇಕು, 'ಅ-ಸ್ಪೆತ್-ತೊ'. ಅದಕ್ಕೇ ಅವನು 'ಅಸ್' ಅಂತ ನಿಂತುಬಿಡ್ತಿದ್ದ."

ಅವಳು ಕುರ್ಚಿಯ ಮುಂದೆ ಮಂಡಿಯೂರಿ ಅವನ ಎಡಗೈ ಹಿಡಿದಳು. "ನೆವಿಯೊ, ನನ್ನ ಜೊತೆ ಹೇಳು."

"ಅ…" ಅವನ ಬೆರಳು ಅವಳ ಅಂಗೈ ತಟ್ಟಿತು. "ಸ್ಪೆತ್…"

ಅಷ್ಟೇ. ಉಳಿದದ್ದು ಬರಲಿಲ್ಲ. ಇನ್ನು ಬರುವುದೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಕಾರು ಸಿದ್ಧವಾಗಿ ನಿಂತಿತ್ತು. ಅವನ ಕಣ್ಣು ತುಂಬಿ ಬಂತು.

ಅವಳು ಅವನ ಅಂಗೈ ಮೇಲೆ ಮೆಲ್ಲಗೆ ತಟ್ಟಿದಳು. "ತೊ. ಅದನ್ನ ನಾನು ಹೇಳ್ತೀನಿ ಬಿಡು… ಭಾನುವಾರ ತೊರಿನೊಗೆ ಬರ್ತೀನಿ. ಕಾಯ್ತೀಯಾ?"

ಅವನು ಅವಳ ಕೈ ಬಿಡಲಿಲ್ಲ. "ಅ… ಸ್ಪೆತ್…"

"ತೊ," ಎಂದಳು ಓರ್ನೆಲ್ಲಾ.