ಗೋಡೆಯಾಚೆ ಯಾರಿದ್ದಾರೆ

ಅಕ್ಟೋಬರ್ ಹದಿನಾಲ್ಕು, ಶನಿವಾರ. ಮಧ್ಯಾಹ್ನ ಮೂರೂವರೆಗೆ ಮೊಂಟಾನಾದ ಪೈನ್ ಫೋರ್ಕ್ ಶೆರಿಫ್ ಠಾಣೆಗೆ ಫೋನ್ ಬಂತು. ಮಾತಾಡಿದವರು ಆರಿನ್ ಹಾಗ್ಲಂಡ್, ವಯಸ್ಸು ಎಪ್ಪತ್ತೊಂದು, ಊರಿನ ಶೂಟಿಂಗ್ ಕ್ಲಬ್ಬಿನ ಹಿರಿಯ ಗುರು.

“ಅಳಿಯ ಕ್ಲೇಟನ್ ಕುಡಿದು ಮನೆಗೆ ನುಗ್ಗಿದ. ಮಗೂನ ಎಳ್ಕೊಂಡು ಹೋಗೋಕೆ ನೋಡಿದ. ಗುಂಡು ಹಾಕಿದೀನಿ. ಉಸಿರಾಡ್ತಿಲ್ಲ. ಬನ್ನಿ.”

ದೂರು ಬರೆದುಕೊಂಡು ಡಿಟೆಕ್ಟಿವ್ ಮಾರ್ಲಿಸ್ ಟ್ವೇಟ್ ಹೊರಟಳು. ಜೊತೆಗೆ ಡೆಪ್ಯುಟಿ ಡ್ಯಾರೆಲ್ ಪ್ರೂಯಿಟ್. ಹನ್ನೆರಡನೆಯ ವಯಸ್ಸಿನಲ್ಲಿ ಮಾರ್ಲಿಸಳ ಕೈಗೆ ಮೊದಲ ರಿವಾಲ್ವರ್ ಕೊಟ್ಟು, ಉಸಿರು ಬಿಗಿ ಹಿಡಿಯುವುದನ್ನು ಕಲಿಸಿದವರು ಇದೇ ಆರಿನ್. ಹಾಗೆಂದು ಕೇಸು ಬೇರೆಯವರಿಗೆ ಒಪ್ಪಿಸೋಣವೆಂದರೆ ಠಾಣೆಯಲ್ಲಿದ್ದ ಡಿಟೆಕ್ಟಿವ್ ಅವಳೊಬ್ಬಳೇ.

ಆ ಮನೆಯ ಸಂಕಟ ಊರಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಕ್ಲೇಟನ್ ಕುಡಿದು ಕಾರು ಓಡಿಸಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಡತಿ, ಆರಿನ್‌ರ ಒಬ್ಬಳೇ ಮಗಳು, ಸತ್ತಳು. ಅವನು ಜೈಲಿಗೆ ಹೋಗಿ ಬಂದ, ಕುಡಿತ ಬಿಟ್ಟ, ಮಗು ತನಗೆ ಬೇಕೆಂದು ಕೋರ್ಟಿಗೆ ಹೋದ. ಆರು ವರ್ಷದ ಇನ್ಗ್ರಿಡ್‌ಳನ್ನು ಸೋಮವಾರದಿಂದ ಅಪ್ಪನಿಗೆ ಒಪ್ಪಿಸಬೇಕೆಂದು ತೀರ್ಪಾಗಿತ್ತು. ಈಗ ಅಪ್ಪ ಇಲ್ಲ. ಇದು ಆತ್ಮರಕ್ಷಣೆಯೆಂದು ಸಾಬೀತಾದರೆ ಮಗು ಅಜ್ಜನ ಬಳಿಯೇ ಉಳಿಯುತ್ತದೆ. ಇಲ್ಲದಿದ್ದರೆ ಅವಳಿಗೆ ಯಾರೂ ಇಲ್ಲ.

ಅಡುಗೆಮನೆಯಲ್ಲಿ, ಮಗುವಿನ ಕೋಣೆಯ ಹಲಗೆ ಗೋಡೆಗೆ ಒರಗಿದಂತೆ ಹೆಣ ಬಿದ್ದಿತ್ತು. ಎದೆಗೆ ಒಂದೇ ಗುಂಡು. ಆರಿನ್ ಹೊರಗೆ ಜಗಲಿಯಲ್ಲಿ ಕೂತಿದ್ದರು. ಮಕ್ಕಳ ಇಲಾಖೆಯ ಹೆಂಗಸು, ಹೆಣ ಕಣ್ಣಿಗೆ ಬೀಳದಂತೆ, ಕೋಣೆಯ ಕಿಟಕಿಯಿಂದಲೇ ಇನ್ಗ್ರಿಡ್‌ಳನ್ನು ಎತ್ತಿಕೊಂಡು ಕಾರಿನಲ್ಲಿ ಕೂರಿಸಿದ್ದಳು. ಶೂಟಿಂಗ್ ಮೈದಾನದಲ್ಲಿ ಕಿವಿ ಕೆಡದ ಹಾಗೆ ಹಾಕಿಕೊಳ್ಳುವ ಗುಲಾಬಿ ಬಣ್ಣದ ಇಯರ್‌ಮಫ್ ಮಗುವಿನ ಕಿವಿಯ ಮೇಲಿತ್ತು. ಮಾರ್ಲಿಸ್ ಅದನ್ನು ನೋಡಿದಳು, ಆಟದ ಸಾಮಾನು ಎಂದುಕೊಂಡು ಒಳಗೆ ಹೋದಳು.

ಮಹಜರು ಶುರುವಾಯಿತು. ಮೇಜಿನ ಮೇಲಿದ್ದ ರಿವಾಲ್ವರ್ ತೆರೆದ ಡ್ಯಾರೆಲ್ ಹುಬ್ಬೇರಿಸಿದ.

“ಮೂವತ್ತೆಂಟರ ಅಳತೆಯದು. ಒಳಗೆ ನೋಡಿ, ಎಲ್ಲಾ ಚಪ್ಪಟೆ ಮೂತಿ ಗುಂಡು. ಕಾಗದಕ್ಕೆ ಹೊಡೆಯೋ ಮೆತ್ತಗಿನ ಮಾಲು! ಊರಿಗೆಲ್ಲ ಪಾಠ ಹೇಳ್ದೋರು ಇದನ್ನ ಹಿಡ್ಕೊಂಡ್ರಾ? ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ.”

“ಒಲೆ ಪಕ್ಕದ ಡ್ರಾಯರ್ ತೆಗಿ,” ಎಂದಳು ಆ ಮನೆಯನ್ನು ಚಿಕ್ಕಂದಿನಿಂದ ಬಲ್ಲ ಮಾರ್ಲಿಸ್.

ಡ್ರಾಯರಿನಲ್ಲಿ ಅದಕ್ಕಿಂತ ಎಷ್ಟೋ ಬಲವಾದ, ಮುನ್ನೂರ ಐವತ್ತೇಳರ ಮ್ಯಾಗ್ನಂ ರಿವಾಲ್ವರ್ ಇತ್ತು, ಬೆರಳ ಗುರುತಿನ ಬೀಗದ ಪೆಟ್ಟಿಗೆಯಲ್ಲಿ. ಆರಿನ್‌ರಿಂದ ತೆರೆಸಿದರು. ಆರೂ ಗುಂಡು ಭರ್ತಿಯಾಗಿದ್ದವು.

ಪ್ರತಿ ಚಳಿಗಾಲವೂ ಕ್ಲಬ್ಬಿನಲ್ಲಿ ಹೊಸಬರು ಕೇಳುತ್ತಿದ್ದರು, ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡಿನದು ಕೊಳ್ಳಲಿ ಕೋಚ್ ಎಂದು. ಆರಿನ್ ತಿರುಗಿ ಕೇಳುತ್ತಿದ್ದರು: “ಯಾತಕ್ಕೆ? ಕಾಗದ ತೂತು ಮಾಡೋಕಾ, ಜೀವ ಉಳಿಸ್ಕೊಳ್ಳೋಕಾ?” ಕಾಗದಕ್ಕಾದರೆ ಮೂವತ್ತೆಂಟು, ಮಣಿಕಟ್ಟು ನೋಯುವುದಿಲ್ಲ, ತೂತು ಬಳೆಯ ಹಾಗೆ ಚೊಕ್ಕಟ. ಮನೆ ಕಾಯುವುದಕ್ಕೆ ಅವರು ಇಟ್ಟುಕೊಂಡಿದ್ದು ಮ್ಯಾಗ್ನಂ. ಆದರೆ ಅದು ಆಳನ್ನೂ ದಾಟಿ ಎರಡು ಹಲಗೆ ಗೋಡೆ ಸೀಳಿಕೊಂಡು ಹೋದೀತು. ಪಾಠ ಯಾವಾಗಲೂ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: “ಗುರಿ ಆಮೇಲೆ ನೋಡಿ. ಮೊದಲು ಅದರ ಹಿಂದಿನ ಗೋಡೆ ನೋಡಿ. ಗೋಡೆಯಾಚೆ ಯಾರಿದ್ದಾರೆ?”

ಮಾರ್ಲಿಸ್ ಹಲಗೆ ಗೋಡೆಯನ್ನು ಕೈಯಿಂದ ಸವರಿದಳು. ಒಂದು ಗೀರೂ ಇರಲಿಲ್ಲ. ಗುಂಡು ಕ್ಲೇಟನ್‌ನ ಮೈಯಲ್ಲೇ ನಿಂತಿತ್ತು.

ಜಗಲಿಗೆ ಬಂದು, ಕಾನೂನಿನ ಪ್ರಕಾರ ಆರಿನ್‌ರ ಹಕ್ಕುಗಳನ್ನು ಓದಿ ಹೇಳಿ, ಪ್ರಶ್ನೆ ಶುರುಮಾಡಿದಳು.

“ಮೂವತ್ತೆಂಟನ್ನ ಎಲ್ಲಿಡ್ತೀರಿ, ಕೋಚ್?”

“ಶೆಡ್ಡಿನ ಕಬ್ಬಿಣದ ಬೀರುವಿನಲ್ಲಿ.”

“ಇವತ್ತು?”

“ಬೆಳಿಗ್ಗೆ ಪ್ರಾಕ್ಟೀಸ್ ಮಾಡಿ ಮೇಜಿನ ಮೇಲೇ ಬಿಟ್ಟಿದ್ದೆ. ಕೈಗೆ ಸಿಕ್ಕಿದ್ದು ತಗೊಂಡೆ.”

“ಗುಂಡು ತುಂಬಿ? ಮಗು ಓಡಾಡೋ ಮನೇಲಿ?”

ತಲೆ ಮೇಲೆ ತಲೆ ಬಿದ್ದರೂ ಆರಿನ್ ಹಾಗೆ ಮಾಡುವವರಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ವಯಸ್ಸಾಯ್ತು ಕಣಮ್ಮ. ಮರೆವು.”

ಡ್ಯಾರೆಲ್ ಅಂಗಳದಿಂದ ಬಂದು ತಾನು ಕಂಡದ್ದನ್ನು ಅವಳಿಗೆ ಹೇಳಿದ. ಕ್ಲೇಟನ್‌ನ ಗಾಡಿಯಲ್ಲಿ ಹೊಸ ಮಕ್ಕಳ ಸೀಟು ಬಿಗಿದಿತ್ತು. ಅವನ ಮೊಬೈಲಿಗೆ ಮಧ್ಯಾಹ್ನ ಬಂದ ಕೊನೆಯ ಕರೆ ಇದೇ ಮನೆಯದು. ಸ್ಥಳದಲ್ಲೇ ಹೆಣ ಪರೀಕ್ಷಿಸಿದ ವೈದ್ಯರು ಮೊದಲ ವರದಿ ಕೊಟ್ಟಿದ್ದರು: ರಕ್ತದಲ್ಲಿ ಒಂದು ಹನಿ ಮದ್ಯವೂ ಇಲ್ಲ.

ಮಾರ್ಲಿಸ್ ಕಾರಿನ ಬಳಿ ಹೋಗಿ ಕೂತಳು. ಇನ್ಗ್ರಿಡ್‌ಳ ಒಂದು ಕಿವಿಯ ಮುಚ್ಚಳ ಮೆಲ್ಲಗೆ ಎತ್ತಿ ಕೇಳಿದಳು.

“ಇದನ್ನ ಯಾವಾಗ ಹಾಕ್ಕೊಂಡೆ, ಪುಟ್ಟಿ?”

“ಅಜ್ಜ ಹಾಕಿದ್ರು. ಅಪ್ಪನ ಗಾಡಿ ಬಂತಲ್ಲ, ಆವಾಗ. ಕಿಟಕೀಲಿ ಕಾಣ್ಸಿತು. ನಾನು ಹೇಳೋವರ್ಗೂ ತೆಗೀಬೇಡ ಬಂಗಾರಿ ಅಂದ್ರು.”

ಮಗು ಎತ್ತಿದ ಮುಚ್ಚಳವನ್ನು ತಾನೇ ಸರಿಯಾಗಿ ಕೂರಿಸಿಕೊಂಡಿತು.

ಮಾರ್ಲಿಸ್‌ಗೆ ಜಗಲಿಯವರೆಗಿನ ದಾರಿ ಸವೆಯಲೇ ಇಲ್ಲ. ನುಗ್ಗಿಬಂದವನ ಎದುರು ಯಾರೂ ಮೊದಲು ಮೊಮ್ಮಗಳ ಕಿವಿ ಮುಚ್ಚಿ ಬರುವುದಿಲ್ಲ. ಬೀರು ತೆರೆದು ಮೆತ್ತಗಿನ ಗುಂಡು ಆರಿಸುವುದಿಲ್ಲ. ಈ ಮನುಷ್ಯ ಎಲ್ಲವನ್ನೂ ಯೋಚಿಸಿದ್ದರು, ಯೋಚಿಸಿದ್ದರಿಂದಲೇ ಸಿಕ್ಕಿಬಿದ್ದರು.

“ಕೋಚ್, ಅವಳು ಇನ್ನೂ ಇಯರ್‌ಮಫ್ ತೆಗೆದಿಲ್ಲ. ನೀವು ತೆಗಿ ಅಂತ ಹೇಳಿಲ್ಲವಂತೆ.”

ಆರಿನ್ ಅಂಗೈ ನೋಡಿಕೊಂಡರು.

“ನನ್ನ ಮಗಳನ್ನ ಅವನ ಕಾರಲ್ಲಿ ನಾನೇ ಹತ್ತಿಸಿ ಕಳ್ಸಿದ್ದೆ ಮಾರ್ಲಿಸ್. ಈ ಅಂಗಳದಿಂದಲೇ. ಈ ಮಗೂನೂ ಕಳ್ಸು ಅಂದ್ರು ಕೋರ್ಟಿನೋರು. ಆಗ್ಲಿಲ್ಲ. ಸೇಬಿನ ಪೈ ಮಾಡಿದೀನಿ, ತಿನ್ನೋಕೆ ಇವತ್ತೇ ಬಾ ಅಂತ ಅವನನ್ನ ಕರೆದೆ.”

“ಅವನು ಕುಡಿದಿರಲಿಲ್ಲ.”

“ಗೊತ್ತು. ಬಾಗಿಲಲ್ಲೇ ಗೊತ್ತಾಯ್ತು.” ಅವರು ತಲೆಯೆತ್ತಿದರು. “ಗುಂಡು ಗೋಡೆ ದಾಟಲಿಲ್ಲ, ಅಲ್ವಾ?”

“ಇಲ್ಲ.”

“ಸರಿ,” ಎಂದು ಆರಿನ್ ಎರಡೂ ಕೈ ಮುಂದಕ್ಕೆ ಚಾಚಿದರು. ಕೈಕೋಳ ಹಾಕಿದವಳು ಮಾರ್ಲಿಸ್. ಡ್ಯಾರೆಲ್ ಹಾಕುತ್ತೇನೆಂದರೂ ಬಿಡಲಿಲ್ಲ.

ಬಂಧನದ ಸಮಯ ಸಂಜೆ ಆರೂಕಾಲು ಎಂದು ದಾಖಲಾಯಿತು. ಕಾರಣದ ಜಾಗದಲ್ಲಿ ಅವಳು ‘ಮೊಮ್ಮಗಳನ್ನು ಕಳೆದುಕೊಳ್ಳುವ ಭಯ’ ಎಂದಷ್ಟೇ ಬರೆದಳು. ಮಗುವನ್ನು ಪಕ್ಕದ ಕೌಂಟಿಯ ಅಪರಿಚಿತ ಮನೆಯೊಂದಕ್ಕೆ ಒಪ್ಪಿಸಲು ಏರ್ಪಾಡಾಗಿತ್ತು.

ಕಾರು ಹೊರಡುವ ಮುಂಚೆ ಮಾರ್ಲಿಸ್ ಬಗ್ಗಿ, ಕಿವಿಯ ಮುಚ್ಚಳ ಎತ್ತಿ, “ಅಜ್ಜ ಹೇಳಿದ್ರು, ಈಗ ತೆಗೀಬಹುದಂತೆ,” ಎಂದಳು.

ಇನ್ಗ್ರಿಡ್ ಇಯರ್‌ಮಫ್ ತೆಗೆದು ಮಡಿಲಲ್ಲಿಟ್ಟುಕೊಂಡು, ಕೂದಲು ಸರಿಮಾಡಿಕೊಂಡು ಮನೆಯ ಕಡೆ ನೋಡಿದಳು.

“ಅಪ್ಪ ಪೈ ತಿಂದಾಯ್ತಾ?” ಎಂದು ಕೇಳಿದಳು.